ಮೂರು ಸುರುಳಿಯ ಡಬ್ಬಿ

ಹೋದ ವಾರ ಸಿಂಧನೂರಿನ ನಮ್ಮ ಮನೆಗೆ ಮಿಕ್ಸಿ ರಿಪೇರಿಯವನು ಬಂದಿದ್ದ. ಬೆಸುಗೆ ಹಾಕುವಾಗ ರಾಳ ಸುಟ್ಟ ಹೊಗೆ ಅಡುಗೆಮನೆಯ ತನಕ ಬಂತು. ಕಲಸುತ್ತಿದ್ದ ಹಿಟ್ಟು ಬಿಟ್ಟು ಹೊರಗೆ ಬಂದು ನಿಂತೆ. ಆ ವಾಸನೆ ನನಗೆ ಮಸ್ಕಿಯ ಪಕ್ಕದ ಮನೆಯ ಅಕ್ಕನದು...

ನಿಜಾಮರ ಆಡಳಿತ ಹೋಗಿ ಐದಾರು ವರ್ಷವಾಗಿತ್ತು. ನಾನು ತುರ್ವಿಹಾಳದಿಂದ ಮಸ್ಕಿಗೆ ಸೊಸೆಯಾಗಿ ಬಂದ ಹೊಸತು. ಅಕ್ಕನಿಗೂ ನಮಗೂ ನಡುವೆ ಒಂದೇ ಗೋಡೆ. ಆಕೆಯ ಗಂಡ ರೇಡಿಯೋ ರಿಪೇರಿ ಮಾಡುತ್ತಿದ್ದರು. ಊರೆಲ್ಲ ಅವರನ್ನು ಮಾಸ್ತರ ಎನ್ನುತ್ತಿತ್ತು. ಕಡೆಕಡೆಗೆ ಅವರ ಕಣ್ಣು ಮಸುಕಾಗಿ, ಅವರು ಹೇಳುವುದು, ಅಕ್ಕ ಬೆಸೆಯುವುದು, ಹಾಗೆ ನಡೆದಿತ್ತು. ಗೋಡೆಯಾಚೆಯ ನಮಗಷ್ಟೇ ಅದು ಗೊತ್ತು.

ಮಾಸ್ತರ ಜ್ವರದಲ್ಲಿ ತೀರಿಕೊಂಡ ತಿಂಗಳಿಗೇ ಲಿಂಗಸುಗೂರಿನಿಂದ ಅಕ್ಕನ ಮೈದುನ ಚಕ್ಕಡಿ ಕಟ್ಟಿಕೊಂಡು ಬಂದ.

"ಈ ಸಾಮಾನು ಮಾರಿಬಿಡ್ತೀನಿ, ಅತ್ತಿಗಿ. ನೀವು ನಮ್ಮ ಮನ್ಯಾಗ ಅಡಗಿ ಮಾಡಿಕೊಂಡು ಇರ್ರಿ. ಹೆಣ್ಮಗಳು ತಂತಿ ಹಿಡದ್ರ ಮಂದಿ ನಗ್ತಾರ."

"ನಗೋರ ಹಲ್ಲಿಗೆ ನಾ ಯಾಕ ಹೆದರ್ಲಿ? ಪಾಮನಕಲ್ಲೂರ ಗೌಡ್ರ ಕೆಲಸ ಅರ್ಧಕ್ಕ ನಿಂತೈತಿ. ಸೋಮವಾರ ಅವರು ಬರ್ತಾರ. ಅಷ್ಟರಾಗ ಆಗಲಿಲ್ಲ ಅಂದ್ರ ಸಾಮಾನೂ ಒಯ್ಯಿ, ನಾನೂ ಬರ್ತೀನಿ."

ಗೌಡರದು ಬ್ಯಾಟರಿ ರೇಡಿಯೋ. ದೂರದ ಹಾಡು ಸಣ್ಣಗೆ, ಗುರ್ ಎನ್ನುವ ಗದ್ದಲ ದೊಡ್ಡದಾಗಿ ಬರುತ್ತಿತ್ತು. ಏರಿಯಲ್ ತಂತಿಗೂ ರೇಡಿಯೋಗೂ ನಡುವೆ ಕೂರಿಸಲು, ಎಲೆಯಡಿಕೆ ಡಬ್ಬಿಯಷ್ಟರಲ್ಲಿ, ಗಾಜಿನ ಬುಡ್ಡಿಯಂಥ ಒಂದೇ ವಾಲ್ವಿನಿಂದ ದನಿ ಎತ್ತಿಕೊಡುವ ಉಪಕರಣ ಬೇಕಿತ್ತು. ರೇಡಿಯೋದಲ್ಲಿ ಬ್ಯಾಂಡು ಮೂರು: ಮೀಡಿಯಂ ವೇವ್ ಒಂದು, ಶಾರ್ಟ್ ವೇವ್ ಎರಡು. ಮೂರಕ್ಕೂ ಒಂದೊಂದು ತಂತಿಯ ಸುರುಳಿ. ಗದ್ದಲವನ್ನೂ ಸೇರಿಸಿ ದೊಡ್ಡದು ಮಾಡುವುದು ಯಾರಿಗಾದರೂ ಬರುತ್ತದೆ, ಹಾಡನ್ನಷ್ಟೇ ಎತ್ತಬೇಕು ಎನ್ನುತ್ತಿದ್ದಳು ಅಕ್ಕ.

ಮಾಸ್ತರ ಬಿಟ್ಟುಹೋದ ಚೀಟಿಯ ನಕ್ಷೆಯಲ್ಲಿ ಮೂರೂ ಸುರುಳಿ ಸಾಲಾಗಿದ್ದವು. ಹಾಗೆ ಕಟ್ಟಿದರೆ ಡಬ್ಬಿ ಕಿಂಯ್ ಎಂದು ಕೂಗುತ್ತಿತ್ತು. ಎರಡು ದಿನ ಅದನ್ನೇ ನೋಡುತ್ತ ಕೂತ ಅಕ್ಕ ಮೂರನೆಯ ದಿನ ನಕ್ಕಳು.

"ಒಂದ ಮನ್ಯಾಗ ಮೂರು ಮಂದಿ ನೆಗೆಣ್ಣೇರು ಇದ್ದಂಗ ಐತಿ ಬೇ. ಮಾರಿಗೆ ಮಾರಿ ಕೊಟ್ಟು ಕೂಡಿಸಿದ್ರ ಜಗಳಾಡಲಾರದ ಇರ್ತಾರೇನು?"

ಒಂದನ್ನು ನಿಲ್ಲಿಸಿ, ಒಂದನ್ನು ಮಲಗಿಸಿ, ಮೂರನೆಯದನ್ನು ಅಡ್ಡ ತಿರುಗಿಸಿ ಬೆಸೆದಳು. ಕೂಗು ನಿಂತಿತು. ಆಕೆ ತಂತಿ ಸುತ್ತುವಾಗ ಲೆಕ್ಕ ತಪ್ಪದಂತೆ ನಾನು ಪಕ್ಕದಲ್ಲಿ ಕೂತು, ಸುತ್ತಿಗೊಂದು 'ಓಂ ನಮಃ ಶಿವಾಯ' ಎಂದು ರುದ್ರಾಕ್ಷಿ ಮಣಿ ಸರಿಸುತ್ತಿದ್ದೆ.

ತಪ್ಪು ಮಾಡಿದ್ದು ನಾನು. ಹೊಸ ಬೀಸುಕಲ್ಲಾಗಲಿ, ಹೊಸ ಚಕ್ಕಡಿಯಾಗಲಿ, ವಿಭೂತಿ ಹಚ್ಚದೆ ಬಳಸುವ ಜನ ನಾವಲ್ಲ. ಸೋಮವಾರ ಮುಂಜಾನೆ ಅಕ್ಕ ಸ್ನಾನಕ್ಕೆ ಹೋದಾಗ ಡಬ್ಬಿಯ ಮುಚ್ಚಳ ತೆಗೆದು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರೂ ಸುರುಳಿಗೆ ಮೂರು ಬೆರಳಲ್ಲಿ ದಪ್ಪಗೆ ಎಳೆದೆ. ಭಕ್ತಿಯಿಂದಲೇ...

ಗೌಡರು ಬಂದು ಕೂತರು. ಮೈದುನ ಸಾಮಾನು ಕಟ್ಟಲು ಹಗ್ಗ ಹಿಡಿದು ಬಾಗಿಲಲ್ಲಿ ನಿಂತ. ಅಕ್ಕ ಸ್ವಿಚ್ ತಿರುಗಿಸಿದಳು. ಚರಚರ ಎಂಬುದು ಬಿಟ್ಟರೆ ಏನೂ ಇಲ್ಲ.

"ಹಾಡು ಎಲ್ಲೈತಿ ಅತ್ತಿಗಿ? ಜ್ವಾಳ ಹುರದಂಗ ಕೇಳಾಕತ್ತೈತಿ!"

ಅಕ್ಕ ಮುಚ್ಚಳ ತೆಗೆದಳು. ಬೆರಳ ತುದಿಗೆ ಬೆಳ್ಳಗೆ ಹತ್ತಿತು. ಒಮ್ಮೆ ನನ್ನತ್ತ ನೋಡಿದಳು. ಆಕೆ ನನ್ನ ಹೆಸರು ಎತ್ತಲಿಲ್ಲ.

"ಗೌಡ್ರ, ಸುರುಳಿಗೆ ಹಸಿ ಹತ್ತೈತಿ. ಬಿಚ್ಚಿ ಸುತ್ತಬೇಕು. ಕೂಡ್ರಿ."

"ಸಾಕು ಬಿಡ್ರಿ ಅತ್ತಿಗಿ, ಸೋಮವಾರ ಅಂತ ಮಾತಾಗಿತ್ತು," ಎಂದ ಮೈದುನ.

"ಸೋಮವಾರ ಇನ್ನೂ ಮುಗಿದಿಲ್ಲ. ನೀ ಹಗ್ಗ ಹಿಡಕೊಂಡು ನಿಂದ್ರು, ನಾ ತಂತಿ ಹಿಡೀತೀನಿ. ಯಾರದು ಗಂಟು ಬೀಳ್ತೈತಿ ನೋಡೋಣು!"

ಗೌಡರು ನಕ್ಕು, "ನಡೀಲಿ ಯವ್ವಾ, ನನಗೇನು ಅವಸರಿಲ್ಲ," ಎಂದರು. ಅಂದು ಶಿವ ಕೊಟ್ಟ ಮೊದಲ ಕೃಪೆ ಅದು. ಎರಡನೆಯದು, ಅಕ್ಕ ನನ್ನನ್ನೇ ಎಣಿಸಲು ಕರೆದದ್ದು. ಮೂರೂ ಸುರುಳಿ ಬಿಚ್ಚಿದಳು, ಹೊಸ ತಂತಿ ಸುತ್ತಿದಳು, ಹಸಿ ತಾಗದಂತೆ ಜೇನುಮೇಣ ಕರಗಿಸಿ ಹಚ್ಚಿದಳು.

ಹೊತ್ತು ಇಳಿಯುವಾಗ ಧಾರವಾಡದ ಹಾಡು ಬಂತು, ಪಡಸಾಲೆಯಲ್ಲೇ ಕೂತು ಹಾಡಿದ ಹಾಗೆ. ಎರಡನೆಯ ಬ್ಯಾಂಡಿನಲ್ಲಿ ಹಿಂದಿ ಮಾತು. ಮೂರನೆಯದರಲ್ಲಿ ಯಾವುದೋ ದೇಶದ ಹೆಂಗಸಿನ ದನಿ; ಒಂದಕ್ಷರ ತಿಳಿಯದಿದ್ದರೂ ಉಸಿರು ಎಳೆದುಕೊಂಡದ್ದು ಸಹ ಕೇಳಿತು.

"ಸಾಮಾನು ಇಲ್ಲೇ ಇರಲಿ. ನಮ್ಮ ಕಡೆ ರೇಡಿಯೋ ಕೆಟ್ರ ಈ ತಂಗಿ ಹತ್ರನ ಬರ್ತಾವು," ಎಂದರು ಗೌಡರು. ಚಕ್ಕಡಿ ಖಾಲಿ ಹೋಯಿತು.

ಎಲ್ಲರೂ ಹೋದ ಮೇಲೆ ನಾನು ಅತ್ತುಬಿಟ್ಟೆ. ಅಕ್ಕ ಸೆರಗಿನಿಂದ ನನ್ನ ಮೂಗು ಒರೆಸಿ, "ಇನ್ನು ಮ್ಯಾಲ ಮುಚ್ಚಳದ ಮ್ಯಾಗ ಹಚ್ಚು ಬೇ, ಶಿವಗ ಅಲ್ಲೂ ಕಾಣಸ್ತೈತಿ," ಎಂದಳು.

ಅದೇ ಕೋಣೆಯಲ್ಲಿ ಬಹಳ ವರ್ಷ ದುಡಿದಳು. ನಾವು ಸಿಂಧನೂರಿಗೆ ಬಂದೆವು. ಆಕೆ ಹೋದ ಸುದ್ದಿ ನನಗೆ ತಲುಪಿದ್ದು ಮಣ್ಣಾಗಿ ಎಂಟು ದಿನಕ್ಕೆ. ಮುಖ ನೋಡಲಾಗಲಿಲ್ಲ...

ಈಚೆಗೆ ಮಸ್ಕಿಯ ಮದುವೆಯೊಂದರಲ್ಲಿ ಹಿರಿಯರೊಬ್ಬರು ಆ ಡಬ್ಬಿಯ ಮಾತೆತ್ತಿ, ಮಾಸ್ತರ ಕೈಚಳಕ ಎಂದರು. ಮಾಸ್ತರ ತೀರಿಕೊಂಡ ಮೇಲೆ ಅಕ್ಕ ಮಾಡಿದ್ದು ಅದು ಎಂದೆ. ಮುದುಕಿಗೆ ಮರೆವು ಎಂದು ನಕ್ಕರು. ನಗಲಿ. ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ. ನಾನೂ ಹೋದರೆ ಅವರ ಮಾತೇ ನಿಜವಾಗಿಬಿಡುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ: ಮಾಡಿದವಳು ಆಕೆ.