ಹಿತ್ತಲದಾಗಿನ ಎರಡು ಮುಳ್ಳಕಂಟಿ

ಇವತ್ತ ಮುಂಜಾನೆ ಬೆರಳಿಗೆ ಮುಳ್ಳು ಚುಚ್ಚೇತ್ರಿ. ಟೈಪ್ ಮಾಡಾಗ ಅಕ್ಷರ ಅಕ್ಷರಕ್ಕೂ ಚುರುಕ್ ಅಂತೈತಿ. ಯಾವ ಗಿಡದ ಮುಳ್ಳು ಅಂತ ಮಾತ್ರ ಕೇಳಬ್ಯಾಡ್ರಿ. ಅಕ್ಕಿಆಲೂರಿನ ನಮ್ಮ ಮನಿ ಒಡೀಲಾರದ ನಿಂತಿರೂದ ಆ ಪ್ರಶ್ನೆ ಮ್ಯಾಲ.

ನಾ ಸಣ್ಣಾಂವ ಇದ್ದಾಗ ಅಪ್ಪ, ಕಾಕಾ ಬ್ಯಾರೆ ಆಗೂದು ಅಂತ ಠರಾವಾತು. ಜಗಳ ಏನಿರಲಿಲ್ರಿ. ಓಣ್ಯಾಗ ಎಲ್ಲಾರೂ ಬ್ಯಾರೆ ಆಗಿದ್ರು, ನಾವಷ್ಟ ಉಳದಿದ್ವಿ. ಹೊಲ ಹಂಚಿದ್ರು, ಎತ್ತು ಹಂಚಿದ್ರು, ಇದ್ದೊಂದು ರೇಡಿಯೋನ ಮುಂಜಾನಿ ಒಬ್ರಿಗೆ ಸಂಜೀಗೆ ಒಬ್ರಿಗೆ ಅಂತ ಹಂಚಿದ್ರು. ಆಮ್ಯಾಲ ಹಿತ್ತಲದಾಗ ಗ್ವಾಡಿ ಕಟ್ಟಾಕ ಹಗ್ಗ ಹಿಡದ್ರ, ಆ ಕಡೆ ಒಂದು ಮುಳ್ಳಕಂಟಿ, ಈ ಕಡೆ ಒಂದು ಬಂತು. ಅಲ್ಲಿಗೆ ಎಲ್ಲಾ ನಿಂತಬಿಡ್ತು.

ಆ ಕಂಟಿ ಅವ್ವನ ಅಣ್ಣ ಮಹಾಬಳೇಶ್ವರದಿಂದ ಹಸಿ ಗೋಣಿಚೀಲದಾಗ ಸುತ್ತಿ ತಂದಿದ್ದ. ಒಂದು ರಾಸ್‌ಬೆರಿ, ಸಾಹೇಬ್ರು ತಿನ್ನೂದು. ಇನ್ನೊಂದು ಬ್ಲ್ಯಾಕ್‌ಬೆರಿ, ಅದೂ ಹಣ್ಣ. ಇಷ್ಟು ಹೇಳಿ ಬಸ್ ಹತ್ತಿದ. ಯಾವ್ದು ಯಾವ್ದು ಅಂತ ಹೇಳಲಿಲ್ಲ. ನಮ್ಮನ್ಯಾಗ ಯಾರೂ ಎರಡನ್ನೂ ತಿಂದವರಲ್ಲ. ಆದ್ರೂ ರಾಸ್‌ಬೆರಿ ಬಿಡಾಕ ಅಣ್ಣತಮ್ಮರು ಇಬ್ರೂ ತಯಾರಿಲ್ಲ. ಪಂಚರು ಬಂದು, ಕಂಟಿ ಮುಂದ ಕುಂತು ಚಾ ಕುಡದು, ಎಲಿ ಮೂಸಿ, ಇದು ಗುಲಾಬಿ ಅಂದ್ರು.

ಮತ್ತ ಮಾವನ್ನ ಕೇಳಿಸಿದ್ರು. ಬಣ್ಣ ನಂಬಬ್ಯಾಡ್ರಿ, ಬ್ಲ್ಯಾಕ್‌ಬೆರಿನೂ ಮೊದಲು ಕೆಂಪ ಇರತೈತಿ ಅಂದ. ಹಣ್ಣು ಮೆಲ್ಲಕ ಜಗ್ಗಬೇಕು. ಒಳಗಿನ ದಿಂಡು ಗಿಡದಾಗ ಉಳದು, ಹಣ್ಣು ಟೊಪಗಿ ಹಂಗ ಪೊಳ್ಳಾಗಿ ಬಂದ್ರ ರಾಸ್‌ಬೆರಿ. ದಿಂಡು ಸಂಗಾಟ ಬಂದ್ರ ಇನ್ನೊಂದು. ಅಂದ್ರ ಹಣ್ಣಾಗೂತನಕ ಗ್ವಾಡಿ ಇಲ್ಲ, ಒಂದ ಒಲಿ. ಅವತ್ತ ಅವ್ವ, ಚಿಗವ್ವ ಕೂಡಿ ಹೋಳಿಗಿ ಮಾಡಿದ್ರು. ಯಾವ ಹಬ್ಬ ಅಂತ ಯಾರೂ ಕೇಳಲಿಲ್ಲ.

ನಮ್ಮ ಬಿಸಲಿಗೆ ಅವು ಹಣ್ಣಾಗೂದು ಎಲ್ಲಿ ಬಂತ್ರಿ? ಮಹಾಬಳೇಶ್ವರದ ತಂಪು ಅನ್ನಸಲಿ ಅಂತ ಅಪ್ಪ ಒಂದಕ್ಕ ಛತ್ರಿ ಹಿಡೀತಿದ್ದ, ಕಾಕಾ ಇನ್ನೊಂದಕ್ಕ ಗಡಗಿ ನೀರು ಹಾಕಿ ಬೀಸಣಿಕಿ ಬೀಸ್ತಿದ್ದ. ಕಡೀಕೊಂದು ವರ್ಷ ಒಂದ ಒಂದು ಹಣ್ಣು ಕೆಂಪಾತು. ಇಬ್ರೂ ಜಳಕಾ ಮಾಡಿ, ಪಂಚರನ್ನ ಕರಕೊಂಡು ಬಂದ್ರ, ಹಣ್ಣಿಲ್ಲ. ಅಪ್ಪನ ಅವ್ವ, ನಮ್ಮ ಆಯಿ, ಒಗಿಯೂ ಕಲ್ಲಿನ ಮ್ಯಾಲ ಕುಂತು ಬೆರಳ ಉಪ್ಪು ನೆಕ್ಕಾಕತ್ತಿದ್ಲು. ತೊಟ್ಟು ಸಮೇತ ಮುರಕೊಂಡಿದ್ಲು, ಗಿಡದಾಗ ದಿಂಡು ಉಳೀತೋ ಇಲ್ಲೋ ನೋಡಾಕೂ ಏನಿಲ್ಲ.

"ಯವ್ವಾ, ಒಳಗ ಪೊಳ್ಳ ಇತ್ತೋ, ಗಟ್ಟಿ ಇತ್ತೋ?" ಅಂದ ಅಪ್ಪ.

"ನನ್ನ ಬಾಯೇ ಪೊಳ್ಳಾಗೇತಿ, ಹಣ್ಣಿನ ಸುದ್ದಿ ನನಗೇನ್ ಕೇಳ್ತಿ," ಅಂದ್ಲು. "ಹುಳಿ ಐತಿ. ಉಪ್ಪು ಬೇಕಾಗತೈತಿ."

ಪಂಚರು ಮತ್ತ ಚಾ ಕುಡದು ಹೋದ್ರು. ಗ್ವಾಡಿಗೆ ತಂದ ಹಗ್ಗದ ಮ್ಯಾಲ ಈಗ ಅಪ್ಪಂದು, ಕಾಕಾಂದು ಧೋತರ ಒಣಗತಾವು.

ಆಯಿ ಈಗಿಲ್ಲ. ನನಗ ಗಿಡದ ಹುಚ್ಚು ಹತ್ತೇತಿ. ಹಾನಗಲ್ಲಿಂದ ತಂದ ಹಳೇ ಪುಸ್ತಕದಾಗ, ಹಣ್ಣ ಇಲ್ಲದನೂ ಗುರ್ತ ಹಿಡೀಬಹುದು ಅಂತ ಓದಿದೆ. ಎಲಿ ತಿರುವಿದ್ರ ಬೆಳ್ಳಗ, ಮುಳ್ಳು ಸಣ್ಣ ಇದ್ರ ರಾಸ್‌ಬೆರಿ. ಕೋಲು ದಪ್ಪ, ಮುಳ್ಳು ಕೊಕ್ಕಿ ಇದ್ರ ಬ್ಲ್ಯಾಕ್‌ಬೆರಿ. ರಾತ್ರಿ ನಿದ್ದಿ ಬರಲಿಲ್ರಿ. ಮುಂಜಾನೆ ಓಡಿ ಹೋಗಿ ಎರಡೂ ಕಂಟಿ ಎಲಿ ತಿರುವಿದೆ. ಮುಳ್ಳು ಚುಚ್ತು. ಗೊತ್ತಾತು. ಇನ್ನೇನ್ ಒದರಬೇಕು, ಎಲಿ ಕೆಳಗ ಒಂದು ಕೆಂಪನ್ನ ಹಣ್ಣು ಕಂಡ್ತು.

ಹಿಂದಿಂದ ಕಾಕಾ, "ಏನೋ ಪಂಡಿತ, ಏನರ ತಿಳೀತೇನು?" ಅಂದ.

ಅಡಗಿಮನ್ಯಾಗ ಅವ್ವ, ಚಿಗವ್ವ ರೊಟ್ಟಿ ಬಡಿಯೂ ಸಪ್ಪಳ ನಿಂತಬಿಡ್ತು. ಎರಡೂ ಒಮ್ಮೆಲೇ.

ಹಣ್ಣು ತೊಟ್ಟು ಸಮೇತ ಮುರದು ಬಾಯಾಗ ಹಾಕ್ಕೊಂಡೆ.

"ಇನ್ನಾ ಹಣ್ಣಾಗಬೇಕ್ರಿ ಕಾಕಾ," ಅಂದೆ.

ರೊಟ್ಟಿ ಸಪ್ಪಳ ಮತ್ತ ಶುರುವಾತು. ಆಯಿ ಹೇಳಿದ್ದು ಖರೇನ ಐತಿ ನೋಡ್ರಿ, ಉಪ್ಪು ಬೇಕಿತ್ತು.