ಇಪ್ಪತ್ತೆರಡು ಅಡಿ ಪೈಪು

ಇಂಚಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಅವಳ ಹತ್ತಿರ ಒಮ್ಮೆಯಾದರೂ ಬಟ್ಟೆ ಹೊಲಿಸಿದವರೇ ಇರಬೇಕು. ನಲವತ್ತೆಂಟು ವರ್ಷ ಹೊಲಿಗೆ ಮೆಷಿನ್ನು ತುಳಿದ ಹೆಂಗಸು. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಇವತ್ತಿಗೂ ಬೀದಿಗೆ ಇಳಿಯುವುದಿಲ್ಲ. ತರಕಾರಿಯವನ ತಕ್ಕಡಿಯನ್ನು ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ನೋಡಬೇಕು. ಕರೆಂಟ್ ಬಿಲ್ಲು ಬಂದರೆ ಕನ್ನಡಕ ಹಾಕಿಕೊಂಡು ಮೀಟರಿನ ಮುಂದೆ ನಿಲ್ಲಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಬೇರೆಯವರು ಯಾವಾಗಲೋ ಒಮ್ಮೆ ಆಡಿದರೆ, ಇವಳು ಹಾಲಿನವನ ಎದುರಿಗೇ ನಿಂತು ಆಡುವವಳು. ಅಂಥವಳ ಮನೆಯಲ್ಲೇ ಪೈಪು ಒಡೆಯಬೇಕೆ!

ಮನೆ ಚಿಕ್ಕದು. ಮೇಲೆ ಇಂಚಕ್ಕನ ಕೋಣೆ, ಪಕ್ಕದಲ್ಲಿ ಬಚ್ಚಲು. ಕೆಳಗೆ ಎರಡೇ ಕೋಣೆ: ಮುಂದಿನದರಲ್ಲಿ ಮೆಷಿನ್ನು, ಬಟ್ಟೆಯ ಗಂಟುಗಳು, ನೂಲಿನ ದೂಳು, ಹಿಂದಿನದು ತಂಗಿಯದು. ತಂಗಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಅವಳ ಇಂಪಾದ ಗಂಟಲು ಕೇಳುವುದಕ್ಕೆಂದೇ ಜನ ಇನ್ನೊಂದು ಸಲ ನಂಬರ್ ಕೇಳುತ್ತಿದ್ದರಂತೆ. ಮಂಡಿ ಹಿಡಿದುಕೊಂಡ ಮೇಲೆ ಮೆಟ್ಟಿಲು ಹತ್ತುವುದನ್ನು ಬಿಟ್ಟಳು. ಆರು ತಿಂಗಳ ಹಿಂದೆ ಅವಳ ಕೋಣೆಯ ಮೂಲೆಯಲ್ಲಿ, ಬಚ್ಚಲಿನ ಕೆಳಗೆ ಸರಿಯಾಗಿ, ಅಂಗೈಯಷ್ಟು ಒದ್ದೆ ಕಾಣಿಸಿತು. ಈಗ ಅದು ಮಂಚದ ತಲೆಗಡೆಯವರೆಗೂ ಇಳಿದಿದೆ. ಬಣ್ಣ ಉಬ್ಬಿ ಉದುರುತ್ತಿದೆ. ತಂಗಿಗೆ ಕೆಮ್ಮು ಹತ್ತಿಕೊಂಡಿತು. ಎರಡು ಮಾತಿಗೊಮ್ಮೆ ಕೆಮ್ಮು, ನಕ್ಕರಂತೂ ಉಸಿರೇ ಸಿಗುವುದಿಲ್ಲ.

ಡಾಕ್ಟರು ನೇರವಾಗಿ ಹೇಳಿದರು: "ಕೋಣೆ ಒಣಗಬೇಕು, ಇಲ್ಲಾಂದ್ರೆ ನೀವು ಕೋಣೆ ಬಿಡಬೇಕು."

ತಂಗಿ ಅಕ್ಕನ ಮುಂದೆ ಕೂತು ಅದಕ್ಕಿಂತ ಮೆತ್ತಗೆ ಹೇಳಿದಳು: "ಈ ತಿಂಗಳ ಕೊನೆ ತನಕ ನೋಡ್ತೀನಕ್ಕ. ಆಮೇಲೆ ನನ್ನ ಗೆಳತಿ ಮನೆಗೆ ಹೋಗಿಬಿಡ್ತೀನಿ. ಅವಳ ಹತ್ರ ಒಂದು ರೂಮು ಖಾಲಿ ಇದೆ."

ಇಂಚಕ್ಕನಿಗೆ ಎದೆ ಧಸಕ್ಕೆಂದಿತು. ತಂಗಿಗೆ ಒಂಬತ್ತು, ತನಗೆ ಹದಿನೇಳು ಇದ್ದಾಗ ತಾಯಿ ತೀರಿಕೊಂಡಿದ್ದಳು. ಅವತ್ತಿನಿಂದ ಇಬ್ಬರೂ ಒಂದೇ ಸೂರಿನಡಿ ಇದ್ದವರು. ಆದರೆ ಭಯವಾದಾಗ ಭಯವಾಯಿತು ಎನ್ನುವ ಜಾಯಮಾನ ಅವಳದಲ್ಲ. "ಪ್ಲಂಬರ್‌ನ ಕರೆಸ್ತೀನಿ ಬಿಡು, ಅದೇನು ಬ್ರಹ್ಮವಿದ್ಯೆನಾ!" ಎಂದು ಗುಡುಗಿದಳು.

ಕರೆಸಿದಳು. ಮೊದಲನೆಯವನು ಬಚ್ಚಲೊಳಕ್ಕೆ ಕಾಲೂ ಇಡಲಿಲ್ಲ. ಬಾಗಿಲಲ್ಲೇ ನಿಂತು ಒಂದು ದೊಡ್ಡ ಮೊತ್ತ ಹೇಳಿದ. ನೋಡದೆ ರೇಟು ಹೇಳುವವನು ಮಾಡದೆ ದುಡ್ಡೂ ಕೇಳುತ್ತಾನೆ ಎಂದು ಅವನನ್ನು ಕಳಿಸಿದಳು. ಎರಡನೆಯವನು ಹೇಳಿದ್ದು ಅದರ ಮೂರರಲ್ಲೊಂದು ಪಾಲು. ಇಷ್ಟು ಕಡಿಮೆಗೆ ಒಪ್ಪಿದವನು ಗೋಡೆ ಒಡೆದ ಮೇಲೆ ನಡುದಾರಿಯಲ್ಲಿ ಕೈ ಕೊಡುತ್ತಾನೆ ಎಂದು ಅವನನ್ನೂ ಕಳಿಸಿದಳು. ಒಡೆದ ಟೈಲ್ಸ್ ಮತ್ತೆ ಕೂರಿಸುವವರು ಯಾರು ಎಂದು ಕೇಳಿದ್ದಕ್ಕೆ ಅವನು ಆಕಾಶ ನೋಡಿದ್ದನಂತೆ.

ಮೂರನೆಯವನು ಬಂದ. ನಡುವಯಸ್ಸು, ಮಾತು ಕಮ್ಮಿ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ ನೀರಿನ ಮೀಟರಿನ ಮುಳ್ಳನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತ. ಯಾರೂ ನೀರು ಬಿಡದಿದ್ದರೂ ಮುಳ್ಳು ತಿರುಗುತ್ತಿತ್ತು. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗಿಟ್ಟು, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿಕೊಂಡು ಮೊಳಮೊಳಕ್ಕೂ ಸರಿದ. ಕೊನೆಗೆ ಗೆರೆ ಹಾಕಿದ ಹಾಳೆಯಲ್ಲಿ ಪೈಪು ಇಷ್ಟು ಅಡಿ, ತಿರುವಿಗೆ ಕೂರಿಸುವ ಎಲ್ಬೋ ಇಷ್ಟು, ಸಿಮೆಂಟು, ಟೈಲ್ಸ್, ಕೂಲಿ ಎಂದು ಬಿಡಿಬಿಡಿಯಾಗಿ ಬರೆದು, ಕೆಳಗೆ ಫೋನ್ ನಂಬರ್ ಹಾಕಿ ಕೊಟ್ಟು ಹೋದ. ಮೊತ್ತ ಮೊದಲಿನ ಇಬ್ಬರ ನಡುವೆ ಬಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ನಿಟ್ಟುಸಿರು ಬಿಟ್ಟು ಕೆಲಸ ಒಪ್ಪಿಸುತ್ತಿದ್ದರು. ಇಂಚಕ್ಕನಿಗೆ ಆ ದುಂಡು ಅಕ್ಷರ ನೋಡಿಯೇ ಅನುಮಾನ ಹುಟ್ಟಿತು. "ಇಷ್ಟು ನೀಟಾಗಿ ಬರೀತಾನೆ ಅಂದ್ರೆ ಎಷ್ಟು ಜನಕ್ಕೆ ಬರೆದು ಟೋಪಿ ಹಾಕಿರಬೇಕು ಇವನು!"

"ಅಕ್ಕಾ, ದೊಡ್ಡದು ಹೇಳಿದ್ರೂ ಕಳ್ಳ, ಚಿಕ್ಕದು ಹೇಳಿದ್ರೂ ಕಳ್ಳ, ಬರೆದುಕೊಟ್ರೂ ಕಳ್ಳನಾ?" ಎಂದು ತಂಗಿ ಕೆಮ್ಮಿದಳು.

"ನೀನು ಸುಮ್ನಿರು."

ಮರುದಿನ ಚೀಟಿಯನ್ನು ಪರ್ಸಿನಲ್ಲಿ ಅಡಗಿಸಿಕೊಂಡು, ಬೇರೆ ಯಾರದೋ ಮನೆಗೆ ಸಾಮಾನು ಕೇಳುವವಳ ಹಾಗೆ ಪೈಪಿನ ಅಂಗಡಿಗೆ ಹೋದಳು. ಪೈಪಿಗೆ ಅಡಿಗೆಷ್ಟು, ಎಲ್ಬೋ ಒಂದಕ್ಕೆಷ್ಟು ಎಂದು ಒಂದೊಂದನ್ನೇ ಕೆದಕಿದಳು. ಅಂಗಡಿಯವನು ಹೇಳಿದ ದರಕ್ಕೂ ಚೀಟಿಯ ದರಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಯ್ಯೋ, ಅಲ್ಲಿಗಾದರೂ ಮುಗಿಯಬೇಡವೇ? "ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದಾರೆ" ಎಂದು ದಾರಿಯುದ್ದಕ್ಕೂ ಗೊಣಗುತ್ತ ಮನೆಗೆ ಬಂದಳು.

ದರದಲ್ಲಿ ಹುಳುಕು ಸಿಗಲಿಲ್ಲವೆಂದ ಮೇಲೆ ಅಳತೆಯಲ್ಲಾದರೂ ಇರಲೇಬೇಕು. ಕೊರಳಿನ ಟೇಪು ತೆಗೆದಳು. ಬಚ್ಚಲ ಗೋಡೆಗುಂಟ ಅಳೆದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು, ಮತ್ತೊಮ್ಮೆ ಅಳೆದಳು. ಹದಿನೆಂಟು ಅಡಿ. ಚೀಟಿಯಲ್ಲಿ ಇಪ್ಪತ್ತೆರಡು! ಸಿಕ್ಕಿಬಿದ್ದ ಮಗ! ಅವಳ ಮುಖ ಎಷ್ಟು ದಿನದ ಮೇಲೆ ಅರಳಿತ್ತೋ ಏನೋ. ತಕ್ಷಣ ಪ್ಲಂಬರ್‌ನನ್ನು ಕರೆಸಿದಳು.

"ಏನಪ್ಪಾ, ನನ್ನ ಕಣ್ಣು ಮಂಜಾಗಿದೆ ಅಂದ್ಕೊಂಡ್ಯಾ? ಗೋಡೆ ಇರೋದು ಹದಿನೆಂಟು ಅಡಿ. ಉಳಿದ ನಾಲ್ಕು ಅಡಿ ಯಾರ ಮನೆಗೆ?"

ಅವನು ಗೋಡೆಯ ಮೇಲಿನ ಸೀಮೆಸುಣ್ಣದ ಗುರುತುಗಳನ್ನು ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. "ನೀವು ಗೋಡೆ ಮೇಲಿಂದ ಅಳೆದಿದೀರಮ್ಮ. ಪೈಪು ಗೋಡೆ ಒಳಗೆ ಇಳಿದು, ಮೂಲೇಲಿ ತಿರುಗಿ, ಮತ್ತೆ ನಲ್ಲಿ ಹತ್ರ ಮೇಲಕ್ಕೆ ಏರಬೇಕು. ಕತ್ತರಿಸೋವಾಗ ಸ್ವಲ್ಪ ಹಾಳಾಗುತ್ತೆ. ನೀವು ಹೊಲಿಯೋರು, ನಿಮಗೆ ನಾನು ಹೇಳಬೇಕಾ? ಮೈ ಅಳತೆ ಎಷ್ಟಿದೆಯೋ ಅಷ್ಟೇ ಬಟ್ಟೆ ಕತ್ತರಿಸಿದ್ರೆ ಅಂಗಿ ಆಗುತ್ತಾ? ಒಳಗೆ ಮಡಿಚೋಕೆ ಬೇಡ್ವಾ?"

ಇಂಚಕ್ಕನ ಮುಖ ಕೆಂಪಾಯಿತು. "ನಡಿ ಆಚೆ! ಈ ಮಾತೆಲ್ಲ ನನ್ನ ಹತ್ರ ಬೇಡ. ನಡಿ!"

ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ. ಇಂಚಕ್ಕ ಮೆಷಿನ್ನಿನ ಮುಂದೆ ಬಂದು ಕೂತಳು. ಅವಳಿಗೆ ಅಷ್ಟು ಸಿಟ್ಟು ಯಾಕೆ ಬಂತೆಂದು ನಾನು ಹೇಳುತ್ತೇನೆ, ಕೇಳಿ. ಆ ಮಾತು ಅವಳದೇ. ‘ಒಳಗೆ ಮಡಿಚೋಕೆ ಬೇಕು, ಅರ್ಧ ಮೀಟರ್ ಜಾಸ್ತಿ ತನ್ನಿ’ ಎಂದು ನಲವತ್ತೆಂಟು ವರ್ಷ ಬಂದವರಿಗೆಲ್ಲ ಹೇಳಿದವಳು ಅವಳೇ. ಮಡಿಕೆಗೆ ನಿಜವಾಗಿ ಹಿಡಿಯುತ್ತಿದ್ದದ್ದು ಕಾಲು ಮೀಟರ್. ಉಳಿದದ್ದು ಮೆಷಿನ್ನಿನ ಕೆಳಗಿನ ತಗಡಿನ ಪೆಟ್ಟಿಗೆಗೆ ಸೇರುತ್ತಿತ್ತು. ಒಬ್ಬರಿಗೂ ಒಂದು ಚೂರನ್ನೂ ಹಿಂದಿರುಗಿಸಿದವಳಲ್ಲ. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಹಾಗಾಗಿಯೇ ಅದು ಇನ್ನೊಬ್ಬರ ಬಾಯಲ್ಲಿ ಬಂದಾಗ ಪೂರ್ತಿ ಸುಳ್ಳಾಗಿಯೇ ಕೇಳಿಸಿತು.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಒಳಗೆ ಏನೋ ಎಳೆದಾಡುವ ಸದ್ದಾಯಿತು. ಹೋಗಿ ನೋಡಿದರೆ ತಂಗಿ ಮಂಚದ ಮೇಲೆ ತನ್ನ ಪೆಟ್ಟಿಗೆ ತೆರೆದಿಟ್ಟು ಸೀರೆ ಮಡಿಚುತ್ತಿದ್ದಳು.

"ಇನ್ನೊಬ್ಬನ್ನ ಕರೆಸ್ತೀನಿ ಕಣೇ. ಇವನು ನಾಲ್ಕು ಅಡಿ ಹೊಡೀತಿದ್ದ."

"ಹತ್ತು ಜನ ಬಂದ್ರೂ ನಿನಗೆ ಹತ್ತೂ ಜನ ಕಳ್ಳರೇ ಅಕ್ಕ."

"ನನಗೆ ಗೊತ್ತು ಕಸುಬಿನವರ ಬುದ್ಧಿ."

ತಂಗಿ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ನಿನಗೆ ಗೊತ್ತಿರೋದು ನಿನ್ನ ಬುದ್ಧಿ. ನಾಲ್ಕನೇ ಕ್ಲಾಸಲ್ಲಿ ನನಗೊಂದು ಫ್ರಾಕು ಹೊಲಿದಿದ್ದೆ, ನೀಲಿ ಬಟ್ಟೆ, ಬಿಳೀ ಚುಕ್ಕೆ. ತೋಳಿಗೆ ಬೇರೆ ಬಟ್ಟೆ, ಕಾಲರಿಗೆ ಬೇರೆ. ನೆನಪಿದೆಯಾ?"

ಇಂಚಕ್ಕ ಕೊರಳಿನ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

"ಅದನ್ನ ಹಾಕ್ಕೊಂಡು ಹೋಗ್ತಿದ್ದಾಗ ಬೀದೀಲಿ ಒಬ್ಬರು ಹೆಂಗಸು ನಿಲ್ಲಿಸಿದ್ರು. ಫ್ರಾಕಿನ ಅಂಚು ಎತ್ತಿ ನೋಡಿ, ‘ಇದು ನನ್ನ ಬಟ್ಟೆ ಅಲ್ವೇನೇ, ನಿಮ್ಮಕ್ಕ ಸಾಲಲಿಲ್ಲ ಅಂದಿದ್ಳು’ ಅಂದ್ರು. ನಾವೂ ಅದೇ ಅಂಗಡೀಲಿ ತಗೊಂಡಿದ್ವಿ ಅಂತ ಸುಳ್ಳು ಹೇಳಿದೆ. ಒಂಬತ್ತು ವರ್ಷ ನನಗೆ! ಅವತ್ತಿಂದ ಆ ಬೀದಿ ಬಿಟ್ಟು ಸುತ್ತು ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ." ಕೆಮ್ಮು ಬಂತು, ನಿಂತಿತು. "ನಿನಗೆ ಯಾವತ್ತೂ ಹೇಳಲಿಲ್ಲ. ನನ್ನ ಮೈಮೇಲೆ ಬಟ್ಟೆ ಇರಲಿ ಅಂತಲೇ ನೀನು ಹಾಗೆ ಮಾಡಿದ್ದು, ಅದೂ ನನಗೆ ಗೊತ್ತಿತ್ತು. ಆದ್ರೆ ಅಕ್ಕಾ, ನೀನು ಕತ್ತರಿಸಿದೆ ಅಂತ ಲೋಕವೆಲ್ಲ ಹಾಗೇ ಕತ್ತರಿಸುತ್ತಾ?"

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎಂದು ತಂಗಿ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಇಂಚಕ್ಕ ಜಗಳವಾದರೂ ಆಡಬಹುದಿತ್ತು. ಒಂಬತ್ತು ವರ್ಷದ ಕೂಸು ಒಂದು ಬೀದಿಯನ್ನೇ ಸುತ್ತಿ ನಡೆದದ್ದನ್ನು ನೆನೆದು ಅವಳಿಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಚೀಟಿ ತೆಗೆದು, ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು.

"ನಾಳೆ ಬಾಪ್ಪ. ಇಪ್ಪತ್ತೆರಡು ಅಡೀನೇ ತಗೊಂಡು ಬಾ."

ಹಾಗೆಂದು ಒಂದೇ ರಾತ್ರಿಯಲ್ಲಿ ಬುದ್ಧಿ ಬದಲಾಯಿತು ಎಂದುಕೊಳ್ಳಬೇಡಿ. ಕೆಲಸ ನಡೆದ ಎರಡು ದಿನವೂ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ಕೂತಿದ್ದಳು. ಅವನು ಟೈಲ್ಸ್ ಎಬ್ಬಿಸಿದ. ಸ್ಕ್ರೂಡ್ರೈವರಿನಲ್ಲಿ ಕೇಳಿಸಿಕೊಂಡಿದ್ದ ಜಾಗದಲ್ಲೇ ಪೈಪಿನ ಜಾಯಿಂಟು ಸೀಳಿತ್ತು. ಹೊಸ ಪೈಪಿನ ಒಂದೊಂದು ತುಂಡು ಕತ್ತರಿಸಿದಾಗಲೂ ಇಂಚಕ್ಕ ಟೇಪು ಹಿಡಿದು ಹಾಳೆಯಲ್ಲಿ ಬರೆದುಕೊಂಡಳು. ಅವನು ಬೇಡವೆನ್ನಲಿಲ್ಲ, ಒಂದೆರಡು ಸಲ ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಟ್ಟ. ಗೋಡೆಯೊಳಗೆ ಹೋದದ್ದು ಒಟ್ಟು ಇಪ್ಪತ್ತೂವರೆ ಅಡಿ. ಒಂದೂವರೆ ಅಡಿ ಉಳಿಯಿತು.

ಆ ಒಂದೂವರೆ ಅಡಿಯ ಮೇಲೇ ಅವಳ ಕಣ್ಣು. ಅವನು ಟೈಲ್ಸ್ ಕೂರಿಸಿ ಸಾಮಾನು ಕಟ್ಟತೊಡಗಿದಾಗ ಬೇಕೆಂದೇ ಎದ್ದು ಕೆಳಗೆ ಬಂದಳು. ಮೆಷಿನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ಬಗ್ಗಿಸಿದಳು. ಚೀಲಕ್ಕೆ ಹಾಕಿಕೊಂಡರೆ? ಹಾಕಿಕೊಳ್ಳಲಿ ಎಂದೇ ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಹಾಕಿಕೊಂಡರೆ ತಾನೂ ಅವನೂ ಒಂದೇ, ಲೋಕವೇ ಹಾಗೆ ಎಂದು ಹಗುರಾಗಬಹುದಿತ್ತು.

ಅವನು ಇಳಿದು ಬಂದ. ಪೈಪಿನ ತುಂಡನ್ನು ಹಳೇ ಬಟ್ಟೆಯಲ್ಲಿ ಒರೆಸಿ ಮೆಷಿನ್ನಿನ ಮೇಲೆ ಇಟ್ಟ.

"ಏನಿದು?"

"ಉಳೀತಲ್ಲಮ್ಮ."

"ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?"

"ಅದು ನಂಗೇನು ಗೊತ್ತು? ನಿಮ್ದು, ಕೊಟ್ಟೆ" ಎಂದು ಚಪ್ಪಲಿ ಮೆಟ್ಟಿಕೊಂಡ.

ಕೂಲಿ ಕೊಟ್ಟು ಕಳಿಸಿದ ಮೇಲೆ ಇಂಚಕ್ಕ ಬಹಳ ಹೊತ್ತು ಆ ತುಂಡನ್ನು ನೋಡುತ್ತ ಕೂತಿದ್ದಳು. ಅದನ್ನು ಮಾತ್ರ ಅಳೆಯಲಿಲ್ಲ. ಹಿಂದಿನ ಕೋಣೆಯಲ್ಲಿ ತಂಗಿ ಪೆಟ್ಟಿಗೆಯ ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ವಾಪಸು ಇಡುತ್ತಿದ್ದಳು. ಗೋಡೆ ಒಣಗುವ ತನಕ ಮಂಚ ಈಚೆಗೆ ಎಳೆದುಕೊಳ್ಳೋಣ ಎಂದು ಅಲ್ಲಿಂದಲೇ ಕೂಗಿದಳು.

ಗೋಡೆ ಒಣಗಲು ಎರಡು ತಿಂಗಳು ಹಿಡಿಯಿತು. ಹೊಸ ಬಣ್ಣ ಬಳಿದ ವಾರವೇ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಮೊಮ್ಮಗಳ ಫ್ರಾಕು ತೆಗೆದುಕೊಂಡು ಹೋಗಲು ಬಂದರು. ಇಪ್ಪತ್ತು ವರ್ಷದಿಂದ ಇಲ್ಲೇ ಹೊಲಿಸುವವರು. ಇಂಚಕ್ಕ ಫ್ರಾಕು ಕೊಟ್ಟಳು. ಆಮೇಲೆ, ಕಳ್ಳತನದ ಮಾಲು ದಾಟಿಸುವವಳ ಹಾಗೆ ಅತ್ತಿತ್ತ ನೋಡಿ, ಕಾಗದದಲ್ಲಿ ಸುತ್ತಿದ ಕಾಲು ಮೀಟರ್ ಬಟ್ಟೆಯನ್ನು ಮುಂದೆ ತಳ್ಳಿದಳು.

"ಇದೇನ್ರೀ?"

"ನಿಮ್ಮ ಬಟ್ಟೇಲಿ ಉಳಿದದ್ದು."

ಆ ಹೆಂಗಸಿನ ಹುಬ್ಬು ಗಂಟಾಯಿತು. "ಇಪ್ಪತ್ತು ವರ್ಷದಲ್ಲಿ ಒಂದು ದಿನಾನೂ ಉಳಿದಿಲ್ಲ, ಇವತ್ತು ಹೇಗೆ ಉಳೀತು? ಫ್ರಾಕು ಗಿಡ್ಡ ಹೊಲಿದುಬಿಟ್ರಾ? ಕೊಡಿ ಇಲ್ಲಿ ಟೇಪು!" ಎಂದು ಇಂಚಕ್ಕನ ಕೊರಳಿಂದಲೇ ಟೇಪು ಎಳೆದುಕೊಂಡು, ಫ್ರಾಕನ್ನು ಮೇಜಿನ ಮೇಲೆ ಹರವಿ ಅಳೆಯತೊಡಗಿದರು. ಒಂದು ಸಲ ಅಳೆದರು, ನಂಬಿಕೆ ಬಾರದೆ ಇನ್ನೊಂದು ಸಲ ಅಳೆದರು.

ಹಿಂದಿನ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ತಂಗಿ ತಡೆಯಲಾರದೆ ನಕ್ಕುಬಿಟ್ಟಳು. ಹಳೆಯ ಇಂಪಿನ ಗಂಟಲಲ್ಲಿ, ಮನೆಯೆಲ್ಲ ಕೇಳುವ ಹಾಗೆ ನಕ್ಕಳು. ಇಂಚಕ್ಕ ಬರಿಗೊರಳಲ್ಲಿ ನಿಂತು ಆ ನಗುವಿನ ಹಿಂದೆ ಕೆಮ್ಮು ಬರುತ್ತದೆಂದು ಕಾದಳು. ಬರಲಿಲ್ಲ.