ಬುಡ್ಡಿ ದೀಪದ ದೆವ್ವ

ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಕಥೆ ಯಾವುದೆಂದು ನಮ್ಮ ಓದುಗರ ಗುಂಪಿನಲ್ಲಿ ಇವತ್ತು ಒಬ್ಬರು ಕೇಳಿದ್ದಾರೆ. ಓದುತ್ತಿದ್ದಂತೆ ನನ್ನ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಂದ ಹಾಗಾಯಿತು.

ನನ್ನ ಬಾಲ್ಯದಲ್ಲಿ ಅಪ್ಪ ಜೋಗದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ನಮ್ಮ ಕ್ವಾರ್ಟರ್ಸಿನಲ್ಲಿ ಬಲ್ಬು ಉರಿಯುತ್ತಿತ್ತು. ಅಕ್ಕನನ್ನು ಕೊಟ್ಟಿದ್ದ ಹೊಸನಗರದ ಕಡೆಯ ಹಳ್ಳಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ತವರಿಗೆ ಬರುವಾಗ ಅವಳು ಸಾಗರದಲ್ಲಿ ಬಸ್ ಬದಲಿಸುವ ಹೊತ್ತಿಗೆ ಒಂದು ದೆವ್ವದ ಕಾದಂಬರಿ ಕೊಳ್ಳುತ್ತಿದ್ದಳು. ನನಗೆ ಹಾರುವ ಕುದುರೆ, ಮಾಯದ ಗುಹೆಯ ಕಥೆಗಳೇ ಇಷ್ಟ.

"ಇದ್ರಲ್ಲಿ ಹೆದ್ರೋದು ಎಂತ ಇದೆ?" ಎಂದೆ ಒಂದು ಸಲ, ಅವಳು ತಂದ ಪುಸ್ತಕ ತಿರುವಿ ಹಾಕಿ.

"ಬಲ್ಬಿನ ಬೆಳಕಿಗೆ ಯಾವ ದೆವ್ವ ಬರ್ತದೆ? ಬುಡ್ಡಿ ಹಚ್ಚಿ ಓದು, ಆಮೇಲೆ ಹೇಳು" ಎಂದಳು ಅಕ್ಕ.

ಸಂಜೆ ಬಲ್ಬು ಆರಿಸಿ, ಬುಡ್ಡಿ ಹಚ್ಚಿ ಕೂತೆವು. ಕೆಲಸ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತು, "ಊರಿಗೆಲ್ಲ ಕರೆಂಟ್ ಕೊಡೋನ ಮಕ್ಳು ನೋಡೇ ಇವ್ರು" ಎಂದು ಅಮ್ಮನನ್ನು ಕರೆದು ತೋರಿಸಿದರು.

ಬಾವಿಯಿಂದ ಹೆಂಗಸು ಮೇಲೆ ಬರುವ ಪುಟದಲ್ಲಿ ನಾನು ಅಕ್ಕನ ಸೆರಗು ಹಿಡಿದುಕೊಂಡೆ. ಅವಳು ಗೇಲಿ ಮಾಡಲಿಲ್ಲ. ಹತ್ತಿರ ಸರಿದು ಮುಂದೆ ಓದಿದಳು.

ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ಪುಸ್ತಕ ಯಾವುದಾದರೂ ಸರಿ, ಬುಡ್ಡಿ ದೀಪದಲ್ಲಿ ಓದಿ. ಪಕ್ಕದಲ್ಲಿ ಒಬ್ಬರಿರಲಿ.

ಅಕ್ಕ ಹೋದ ತಿಂಗಳು ತೀರಿಕೊಂಡಳು. ನಾನೀಗ ಹಾರುವ ಕುದುರೆಯ ಕಥೆಗಳನ್ನಷ್ಟೇ ಓದುತ್ತಿದ್ದೇನೆ.